ಮಕ್ಕಳೊಂದಿಗೆ ಹಡಗು ಪ್ರವಾಸ: ರಾತ್ರಿ ಎಚ್ಚರವಾಗಿರುವವರು ಯಾರು?

ಕ್ಯಾತ್ಸಂದ್ರದ ತಾಯಿ, ತುಮಕೂರು
ಸೋಮವಾರ, ರಾತ್ರಿ 9:40

ಎಲ್ಲರಿಗೂ ನಮಸ್ಕಾರ. ತುಮಕೂರಿನ ಬಿ.ಎಚ್. ರಸ್ತೆಯಲ್ಲಿ ನಮ್ಮದೊಂದು ಸಿಮೆಂಟು ಮತ್ತು ಕಬ್ಬಿಣದ ಅಂಗಡಿ ಇದೆ. ಈ ವರ್ಷ ಮಾರಾಟದ ಗುರಿ ಮುಟ್ಟಿದ ಡೀಲರುಗಳನ್ನು ಕುಟುಂಬ ಸಮೇತವಾಗಿ ಮುಂಬೈಯಿಂದ ಗೋವಾ ಮತ್ತು ಲಕ್ಷದ್ವೀಪಕ್ಕೆ ಹೋಗಿಬರುವ ಹಡಗಿನಲ್ಲಿ ಕರೆದೊಯ್ಯುವುದಾಗಿ ಕಂಪನಿಯವರು ತಿಳಿಸಿದ್ದಾರೆ. ದಸರಾ ರಜೆಯಲ್ಲಿ ಐದು ರಾತ್ರಿಗಳ ಪ್ರವಾಸ. ಸಮುದ್ರವನ್ನು ಮುರುಡೇಶ್ವರದ ದಡದಿಂದ ಮಾತ್ರ ಕಂಡಿರುವ ನನ್ನ ಮಕ್ಕಳು ಆ ಪತ್ರ ಬಂದ ದಿನದಿಂದ ಹಡಗಿನ ಮಾತನ್ನೇ ಆಡುತ್ತಿದ್ದಾರೆ. ಮಗನಿಗೆ 15 ವರ್ಷ, ಮಗಳಿಗೆ 9.

ನನ್ನ ಅಳುಕಿಗೆ ಕಾರಣವಿದೆ. ಎರಡು ವರ್ಷದ ಹಿಂದೆ ಬೇರೊಂದು ಕಂಪನಿಯ ಇಂಥದೇ ಪ್ರವಾಸದಲ್ಲಿ ನಾವು ಗೋವಾದ ಒಂದು ರೆಸಾರ್ಟಿನಲ್ಲಿ ಮೂರು ದಿನ ಇದ್ದೆವು. ಸಂಜೆ ಏಳಕ್ಕೆ ಬಾರ್ ತೆರೆಯುತ್ತಿತ್ತು. ಊಟ ಬಡಿಸುವ ಹೊತ್ತಿಗೆ ಗಂಡಸರಲ್ಲಿ ಅರ್ಧದಷ್ಟು ಜನರಿಗೆ ತಮ್ಮ ಮಕ್ಕಳು ಎಲ್ಲಿದ್ದಾರೆಂಬುದು ತಿಳಿದಿರುತ್ತಿರಲಿಲ್ಲ. ಮೊದಲನೆಯ ರಾತ್ರಿ ನಮ್ಮವರ ಸ್ನೇಹಿತರೊಬ್ಬರು, ಮನೆಗೆ ಬಂದರೆ ನನ್ನನ್ನು ಅತ್ತಿಗೆ ಎಂದು ಕರೆದು ತಲೆ ತಗ್ಗಿಸಿ ಮಾತನಾಡುವಂಥ ಸಜ್ಜನರು, ನನ್ನ ಮಗನ ಕೈಗೆ ಬಿಯರಿನ ಗ್ಲಾಸು ಕೊಟ್ಟು, "ಮೀಸೆ ಮೂಡೋ ವಯಸ್ಸಾಯ್ತು, ಒಂದು ಗುಟುಕು ನೋಡು ಮರಿ" ಎಂದರು. ಅವನಿಗೆ ಆಗ 13 ವರ್ಷ. ಸುತ್ತಲಿದ್ದವರು ನಕ್ಕರು. ಮಗ ಕುಡಿಯಲಿಲ್ಲ, ಆದರೆ ತನ್ನ ಅಪ್ಪನ ಮುಖ ನೋಡಿದ. ಅವರೂ ನಗುತ್ತಿದ್ದರು. ಆ ನೋಟವನ್ನು ನಾನು ಇನ್ನೂ ಮರೆತಿಲ್ಲ.

ನಮ್ಮವರು ಕುಡುಕರಲ್ಲ. ಮನೆಯೊಳಗೆ ಎಂದೂ ಬಾಟಲಿ ತಂದವರಲ್ಲ. ತಿಂಗಳಿಗೋ ಎರಡು ತಿಂಗಳಿಗೋ ಒಮ್ಮೆ ಸ್ನೇಹಿತರ ಜೊತೆ ಹೊರಗೆ ಕುಡಿಯುತ್ತಾರೆ, ಮಕ್ಕಳು ಮಲಗಿದ ಮೇಲೆ ಮನೆಗೆ ಬರುತ್ತಾರೆ. ಆದರೆ ಪ್ರವಾಸದಲ್ಲಿ ಆ ಮರೆ ಇರುವುದಿಲ್ಲ. ಆ ಮೂರು ರಾತ್ರಿಯೂ ಈಜುಕೊಳದ ಬದಿಯಿಂದ ಮಕ್ಕಳನ್ನು ಕರೆತಂದು, ಉಣ್ಣಿಸಿ, ಚಿಲಕ ಹಾಕಿ, ಇವರು ಬರುವವರೆಗೆ ಕುರ್ಚಿಯಲ್ಲಿ ಕುಳಿತಿದ್ದವಳು ನಾನು. ಅಷ್ಟಾದರೂ ರೆಸಾರ್ಟಿನಲ್ಲಿ ಮನಸ್ಸು ತಡೆಯದಿದ್ದರೆ ಮಕ್ಕಳ ಕೈ ಹಿಡಿದು ಹೊರಗೆ ರಸ್ತೆಗೆ ಬರಬಹುದಿತ್ತು. ಹಡಗಿನಿಂದ ಎಲ್ಲಿಗೆ ಬರುವುದು?

ಹಡಗು ಪ್ರವಾಸ ಮಾಡಿದವರು, ಅದರ ಒಳಹೊರಗನ್ನು ಬಲ್ಲವರು ದಯವಿಟ್ಟು ಹೇಳಿ. ಮಕ್ಕಳ ಕಣ್ಣಿಗೆ ಬೀಳದಷ್ಟು ದೂರದಲ್ಲಿ ಈ ಕುಡಿತ ಇರುತ್ತದೆಯೇ? ಹುಡುಗರಿಗೆ ಮದ್ಯ ಸಿಗದಂತೆ ತಡೆಯುವ ಏರ್ಪಾಡು ಇದೆಯೇ? ಹೋಗಲೇಬಾರದು ಎನ್ನುವವರಿದ್ದರೆ ಅದನ್ನೂ ಕಾರಣ ಸಮೇತ ಬರೆಯಿರಿ.

ನಿವೃತ್ತ ಮೇಷ್ಟ್ರು, ಕೋಲಾರ
ಸೋಮವಾರ, ರಾತ್ರಿ 10:25

ಅಮ್ಮಾ, ಮೊದಲು ಕಾನೂನಿನ ಮಾತನ್ನು ಹೇಳಿಬಿಡುತ್ತೇನೆ, ಏಕೆಂದರೆ ನಿಮ್ಮ ಮಗನ ಕೈಗೆ ಗ್ಲಾಸು ಕೊಟ್ಟವರು ಅದನ್ನು ತಮಾಷೆಯೆಂದು ತಿಳಿದಿದ್ದರು. 2015ರ ಬಾಲನ್ಯಾಯ ಕಾಯ್ದೆಯ 77ನೆಯ ಕಲಮಿನ ಪ್ರಕಾರ, ವೈದ್ಯರ ಆದೇಶವಿಲ್ಲದೆ 18 ವರ್ಷದೊಳಗಿನ ಮಗುವಿಗೆ ಮದ್ಯ ಕೊಟ್ಟವರಿಗೆ ಏಳು ವರ್ಷದವರೆಗಿನ ಕಠಿಣ ಸೆರೆವಾಸ ಮತ್ತು ಒಂದು ಲಕ್ಷ ರೂಪಾಯಿಯವರೆಗಿನ ದಂಡ ವಿಧಿಸಬಹುದು. ಆ ಕಲಮು ಬಾರಿನ ಮಾಲೀಕನನ್ನು ಮಾತ್ರ ಹಿಡಿಯುವುದಿಲ್ಲ. ಕೊಟ್ಟವರು ಯಾರೇ ಆಗಲಿ ಎನ್ನುತ್ತದೆ. ಸೋದರಮಾವನಾದರೂ ಅಷ್ಟೇ, ತಂದೆಯ ಸ್ನೇಹಿತನಾದರೂ ಅಷ್ಟೇ.

ಮದ್ಯ ಕೊಳ್ಳುವ ವಯಸ್ಸಿನ ವಿಷಯದಲ್ಲಿ ಮಾತ್ರ ನಮ್ಮ ದೇಶದಲ್ಲಿ ಒಂದೇ ಲೆಕ್ಕವಿಲ್ಲ. ಗೋವಾದಲ್ಲಿ 18, ಕೇರಳದಲ್ಲಿ 23, ಮಹಾರಾಷ್ಟ್ರದಲ್ಲಿ ಬಿಯರಿಗೆ 21 ಮತ್ತು ಕಡು ಮದ್ಯಕ್ಕೆ 25. ನಮ್ಮ ರಾಜ್ಯದಲ್ಲಿ 1965ರ ಅಬಕಾರಿ ಕಾಯ್ದೆ 18 ಎನ್ನುತ್ತದೆ, 1967ರ ನಿಯಮಗಳು 21 ಎನ್ನುತ್ತವೆ. ನಿಯಮದಲ್ಲಿರುವ 21ನ್ನು 18ಕ್ಕೆ ಇಳಿಸುವ ಕರಡನ್ನು 2023ರ ಜನವರಿಯಲ್ಲಿ ಸರ್ಕಾರ ಹೊರಡಿಸಿ, ಜನರ ವಿರೋಧ ಬಂದ ಮೇಲೆ ಹಿಂತೆಗೆದುಕೊಂಡಿತು. ಇನ್ನು ಲಕ್ಷದ್ವೀಪದಲ್ಲಿ ಬಂಗಾರಂ ದ್ವೀಪವೊಂದನ್ನು ಬಿಟ್ಟು ಉಳಿದೆಡೆ ಪಾನನಿಷೇಧವಿದೆ. ಅಂದರೆ ನೀವು ಹೋಗುವ ದಾರಿಯಲ್ಲೇ ಮೂರು ಬಗೆಯ ಕಾನೂನು. ನಾನು ಕೆಲಸದಲ್ಲಿದ್ದಾಗ ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳು, "ಸರ್, ಗಡಿ ದಾಟಿದರೆ ವಯಸ್ಸು ಬದಲಾಗುತ್ತದಲ್ಲ, ಕುಡಿದವರ ಹೊಟ್ಟೆಯೂ ಬದಲಾಗುತ್ತದೆಯೇ?" ಎಂದು ಕೇಳಿದ್ದಳು. ಆ ದಿನ ನನ್ನಲ್ಲಿ ಉತ್ತರವಿರಲಿಲ್ಲ.

ಸಮುದ್ರದಲ್ಲಿ ಇನ್ನೊಂದು ಸಂಗತಿ ಇದೆ. ದಡದಿಂದ 12 ನಾಟಿಕಲ್ ಮೈಲಿ, ಎಂದರೆ ಸುಮಾರು 22 ಕಿಲೋಮೀಟರು, ಆಯಾ ದೇಶದ ಪ್ರಾದೇಶಿಕ ಸಮುದ್ರ. ಅದಕ್ಕೂ ಬಹಳ ಆಚೆ, ಯಾವ ದೇಶಕ್ಕೂ ಸೇರದ ತೆರೆದ ಸಾಗರದಲ್ಲಿ, ಹಡಗು ಯಾವ ದೇಶದ ಬಾವುಟ ಹಾರಿಸುತ್ತದೆಯೋ ಆ ದೇಶದ ಕಾನೂನು ನಡೆಯುತ್ತದೆ. ಪ್ರವಾಸದ ಹಡಗುಗಳಲ್ಲಿ ಬಹಳಷ್ಟು ಬಹಾಮಾಸ್, ಪನಾಮಾ, ಮಾಲ್ಟಾ ದೇಶಗಳಲ್ಲಿ ನೋಂದಣಿಯಾಗಿರುತ್ತವೆ. ಆದ್ದರಿಂದ ಕಂಪನಿಯವರನ್ನು ಎರಡು ಪ್ರಶ್ನೆ ಕೇಳಿ, ಉತ್ತರವನ್ನು ಬರಹದಲ್ಲಿ ಪಡೆಯಿರಿ: ಹಡಗಿನ ಬಾವುಟ ಯಾವುದು, ಅದರಲ್ಲಿ ಮದ್ಯ ಕೊಡುವ ಕನಿಷ್ಠ ವಯಸ್ಸು ಎಷ್ಟು.

ಹಡಗಿನಲ್ಲಿ ಏಳು ವರ್ಷ ದುಡಿದವನು, ಕೆ.ಜಿ.ಎಫ್.
ಸೋಮವಾರ, ರಾತ್ರಿ 11:50

ಮೇಡಂ, ನಾನು ವಿದೇಶಿ ಪ್ರವಾಸದ ಹಡಗೊಂದರಲ್ಲಿ ಏಳು ವರ್ಷ ಇದ್ದೆ. ಮೊದಲು ಊಟದ ಹಾಲಿನಲ್ಲಿ, ಆಮೇಲೆ ಈಜುಕೊಳದ ಪಕ್ಕದ ಬಾರಿನಲ್ಲಿ. ನಾನು ಮದ್ಯ ಬಡಿಸಿ ಸಂಸಾರ ಸಾಕಿದವನು, ಹಾಗಾಗಿ ಆ ವೃತ್ತಿಯನ್ನು ಹಳಿಯಲಾರೆ. ಆದರೆ ತಾಯಂದಿರಿಗೆ ಗೊತ್ತಿರಬೇಕಾದದ್ದನ್ನು ಮುಚ್ಚಿಡುವುದೂ ಸರಿಯಲ್ಲ.

ನಿಮ್ಮ ಮೊದಲ ಪ್ರಶ್ನೆಗೆ ಉತ್ತರ, ಇಲ್ಲ. ಕಣ್ಣಿಗೆ ಬೀಳದಷ್ಟು ದೂರ ಎಂಬುದು ಹಡಗಿನಲ್ಲಿ ಇಲ್ಲ. ನಮ್ಮೂರಿನಲ್ಲಿ ಬಾರ್ ಎಂದರೆ ಮಬ್ಬು ಬೆಳಕು, ಬಾಗಿಲಿಗೆ ಪರದೆ. ಹಡಗಿನಲ್ಲಿ ಬಾರ್ ಇರುವುದು ಈಜುಕೊಳದ ಪಕ್ಕದಲ್ಲಿ, ನಾಟಕ ನೋಡುವ ಹಾಲಿನಲ್ಲಿ, ಸಂಗೀತದ ವೇದಿಕೆಯ ಎದುರಿನಲ್ಲಿ, ಲಿಫ್ಟಿನಿಂದ ಇಳಿದ ಕೂಡಲೇ ಎದುರಾಗುವ ಅಂಗಳದಲ್ಲಿ. ಟಿಕೆಟ್ಟಿನಲ್ಲಿ ಊಟ ಸೇರಿರುತ್ತದೆ, ಮದ್ಯ ಸೇರಿರುವುದಿಲ್ಲ. ಹಡಗಿನವರಿಗೆ ಆ ಎರಡನೆಯದರಿಂದ ಒಳ್ಳೆಯ ಆದಾಯ ಬರುತ್ತದೆ. ಅಮೆರಿಕದ ಹಡಗುಗಳಲ್ಲಿ ಪ್ರತಿ ಗ್ಲಾಸಿನ ಬೆಲೆಯ ಮೇಲೆ ಸಾಮಾನ್ಯವಾಗಿ 18ರಿಂದ 20 ಪ್ರತಿಶತ ಸೇವಾಶುಲ್ಕ ತಾನಾಗಿಯೇ ಸೇರುತ್ತದೆ. ಆದ್ದರಿಂದ ನೀವು ಕರೆಯದಿದ್ದರೂ ಟ್ರೇ ನಿಮ್ಮ ಕುರ್ಚಿಯ ಬಳಿ ಬರುತ್ತದೆ.

ದಿನದ ಲೆಕ್ಕದ ಪ್ಯಾಕೇಜ್ ಎಂಬುದೊಂದಿದೆ. ದಿನಕ್ಕೆ ಇಷ್ಟು ಎಂದು ಕಟ್ಟಿದರೆ ಎಷ್ಟು ಬೇಕಾದರೂ ಕುಡಿಯಬಹುದು. ರಾಯಲ್ ಕೆರಿಬಿಯನ್ ಮುಂತಾದ ಕಡೆ ಕ್ಯಾಬಿನ್ನಿನಲ್ಲಿರುವ ಒಬ್ಬರು ಮದ್ಯದ ಪ್ಯಾಕೇಜ್ ಕೊಂಡರೆ ಅದೇ ಕ್ಯಾಬಿನ್ನಿನ ಉಳಿದ ವಯಸ್ಕರೂ ಕೊಳ್ಳಬೇಕೆಂಬ ನಿಯಮವಿದೆ. ಕಾರ್ನಿವಲ್ ಹಡಗುಗಳ ಪ್ಯಾಕೇಜಿನಲ್ಲಿ 24 ಗಂಟೆಗೆ 15 ಗ್ಲಾಸಿನ ಮಿತಿ ಇಟ್ಟಿದ್ದಾರೆ. 15 ಎಂಬುದು ಮಿತಿ ಎಂದಾದರೆ ಒಳಗಿನ ವಾತಾವರಣ ಹೇಗಿರಬಹುದು, ಯೋಚಿಸಿ. ನಾನು ಕಣ್ಣಾರೆ ಕಂಡದ್ದೇನೆಂದರೆ, ಊರಿನಲ್ಲಿ ಎರಡು ಪೆಗ್ಗಿಗೆ ನಿಲ್ಲಿಸುವ ಮನುಷ್ಯ ಹಡಗಿನಲ್ಲಿ ಕಟ್ಟಿದ ದುಡ್ಡು ವಸೂಲಾಗಬೇಕು ಎಂದು ಆರಕ್ಕೆ ಹೋಗುತ್ತಾನೆ. ನಿಮಗೆ ಕಂಪನಿಯವರೇ ದುಡ್ಡು ಕಟ್ಟುವುದಾದರೆ, ಮದ್ಯದ ಪ್ಯಾಕೇಜ್ ಅದರಲ್ಲಿ ಸೇರಿದೆಯೇ ಎಂದು ಈಗಲೇ ಕೇಳಿ.

ಹುಡುಗರಿಗೆ ಸಿಗದಂತೆ ತಡೆ ಇದೆಯೇ ಎಂದರೆ, ಬಾರಿನ ಕಟ್ಟೆಯಲ್ಲಿ ಇದೆ. ಪ್ರತಿಯೊಬ್ಬರ ಕೋಣೆಯ ಕಾರ್ಡಿನಲ್ಲೂ ಹುಟ್ಟಿದ ದಿನಾಂಕ ಅಡಗಿರುತ್ತದೆ, ಕಾರ್ಡ್ ಉಜ್ಜಿದ ಕೂಡಲೇ ವಯಸ್ಸು ತೆರೆಯ ಮೇಲೆ ಬರುತ್ತದೆ. ಅಮೆರಿಕದಿಂದ ಹೊರಡುವ ಹಡಗುಗಳಲ್ಲಿ 21, ಏಷ್ಯಾ ಮತ್ತು ಯುರೋಪಿನಲ್ಲಿ ಸಾಮಾನ್ಯವಾಗಿ 18. ಕೆಲಸ ಕಳೆದುಕೊಳ್ಳುವ ಭಯವಿರುವುದರಿಂದ ನಾವು ಯಾರೂ ಹುಡುಗರಿಗೆ ಕೊಡುತ್ತಿರಲಿಲ್ಲ. ಆದರೆ ದೊಡ್ಡವರು ತೆಗೆದುಕೊಂಡು ಹೋಗಿ ಮೇಜಿನಲ್ಲಿ ಹುಡುಗನ ಮುಂದೆ ಇಟ್ಟರೆ ಕಟ್ಟೆಯ ಹಿಂದೆ ನಿಂತವನಿಗೆ ಕಾಣುವುದಿಲ್ಲ. ಅದಕ್ಕಿಂತ ನನಗೆ ದಿಗಿಲು ಹುಟ್ಟಿಸುತ್ತಿದ್ದದ್ದು ಬಿಟ್ಟುಹೋದ ಗ್ಲಾಸುಗಳು. ಸೂರ್ಯ ಮುಳುಗುವ ಹೊತ್ತಿಗೆ ಈಜುಕೊಳದ ಸುತ್ತ ಅರ್ಧ ಕುಡಿದಿಟ್ಟ ಗ್ಲಾಸುಗಳು ಹತ್ತಾರು ಇರುತ್ತಿದ್ದವು. ಅನಾನಸ್ ರಸದ ಬಣ್ಣ, ಅಂಚಿನಲ್ಲಿ ಹಣ್ಣಿನ ಹೋಳು, ಮೇಲೊಂದು ಕಾಗದದ ಕೊಡೆ. ಮಕ್ಕಳಿಗೆ ಕೊಡುವ ಮದ್ಯವಿಲ್ಲದ ಮಾಕ್‌ಟೇಲಿಗೂ ಅದಕ್ಕೂ ನೋಟದಲ್ಲಿ ವ್ಯತ್ಯಾಸವಿಲ್ಲ. ನಿಮ್ಮ ಒಂಬತ್ತು ವರ್ಷದ ಮಗಳ ವಿಷಯದಲ್ಲಿ ನಾನು ಹೇಳುವುದು ಒಂದೇ: ತಾನು ಕೇಳಿ ತರಿಸಿಕೊಳ್ಳದ ಗ್ಲಾಸನ್ನು ಅವಳು ಮುಟ್ಟಬಾರದು.

ಇನ್ನೊಂದು ಮಾತು ಹೇಳಿ ಮುಗಿಸುತ್ತೇನೆ. ಒಂದು ರಾತ್ರಿ, ಒಂದು ಗಂಟೆಯ ಮೇಲಾಗಿತ್ತು, ಒಬ್ಬ ತಂದೆ ಸ್ವಾಗತದ ಕಟ್ಟೆಗೆ ಬಂದು ಮಗ ಕಾಣುತ್ತಿಲ್ಲ ಎಂದು ಅಳುತ್ತಿದ್ದ. ಯಾವ ಮಹಡಿ, ಕ್ಯಾಬಿನ್ ಸಂಖ್ಯೆ ಎಷ್ಟು, ಹುಡುಗ ಯಾವ ಬಣ್ಣದ ಅಂಗಿ ತೊಟ್ಟಿದ್ದ, ಒಂದಕ್ಕೂ ಅವನಿಂದ ಉತ್ತರ ಬರಲಿಲ್ಲ, ಅಷ್ಟು ಕುಡಿದಿದ್ದ. ಹುಡುಗ ನಾಟಕದ ಹಾಲಿನ ಹಿಂದಿನ ಸಾಲಿನಲ್ಲಿ ಮಲಗಿ ನಿದ್ರೆ ಹೋಗಿದ್ದ. ಸಿಕ್ಕ ಎಂಬುದು ಪುಣ್ಯ. ಆದರೆ ಹುಡುಕಿದ ಆ ಮುಕ್ಕಾಲು ಗಂಟೆಯಲ್ಲಿ ನಾವೆಲ್ಲ ಮೊದಲು ಓಡಿದ್ದು ಕಟಕಟೆಗಳ ಕಡೆಗೆ, ಕೆಳಗಿನ ಕತ್ತಲ ನೀರನ್ನು ನೋಡಲು.

ದ್ರಾಕ್ಷಿ ಬೆಳೆಗಾರ, ಚಿಕ್ಕಬಳ್ಳಾಪುರ
ಮಂಗಳವಾರ, ಬೆಳಿಗ್ಗೆ 6:15

ನಾನು ಸ್ವಲ್ಪ ಬೇರೆ ಅಭಿಪ್ರಾಯ ಹೇಳುತ್ತೇನೆ, ಯಾರೂ ತಪ್ಪು ತಿಳಿಯಬಾರದು. ನಮ್ಮದು ಬೆಂಗಳೂರು ಬ್ಲೂ ದ್ರಾಕ್ಷಿಯ ತೋಟ. ನಮ್ಮ ಹಣ್ಣು ಜ್ಯೂಸಿಗೂ ಹೋಗುತ್ತದೆ, ವೈನಿಗೂ ಹೋಗುತ್ತದೆ. ಮದ್ಯ ಎಂಬ ಮಾತನ್ನೇ ಮನೆಯಲ್ಲಿ ಆಡಬಾರದು ಎಂದರೆ ನನ್ನ ಮಕ್ಕಳಿಗೆ ಅಪ್ಪನ ಬೇಸಾಯವನ್ನೇ ವಿವರಿಸಲಾರೆ.

ಮೂರು ವರ್ಷದ ಹಿಂದೆ ನಾನು, ನನ್ನ ಹೆಂಡತಿ ಮತ್ತು ಇಬ್ಬರು ಹೆಣ್ಣುಮಕ್ಕಳು ಸಿಂಗಪುರದಿಂದ ಹೊರಡುವ ಹಡಗಿನಲ್ಲಿ ಮೂರು ರಾತ್ರಿ ಇದ್ದೆವು. ಊಟದ ಜೊತೆಗೆ ನಾನು ಒಂದು ಗ್ಲಾಸು ವೈನ್ ತೆಗೆದುಕೊಂಡೆ, ಮಕ್ಕಳ ಎದುರಿನಲ್ಲೇ. ದೊಡ್ಡವಳು ಕೇಳಿದಳು, ನಾನು ಹೇಳಿದೆ: ಇದು ಏನು, ಇದರಿಂದ ದೇಹಕ್ಕೆ ಏನಾಗುತ್ತದೆ, ನಾನು ಒಂದಕ್ಕೇ ಏಕೆ ನಿಲ್ಲಿಸುತ್ತೇನೆ, ನಿನಗೆ ಏಕೆ ಕೊಡುವುದಿಲ್ಲ. ಅವಳು ಗ್ಲಾಸನ್ನು ಎಣಿಸುತ್ತಿದ್ದಳು ಎಂಬುದು ನನಗೆ ಗೊತ್ತಿತ್ತು, ಆದ್ದರಿಂದ ನಾನು ಒಂದಕ್ಕೇ ನಿಲ್ಲಿಸಿದೆ. ಮಕ್ಕಳಿಂದ ಬಚ್ಚಿಟ್ಟು ಕುಡಿಯುವುದರಿಂದ ಅವರಿಗೆ ತಿಳಿಯುವುದು ಬಚ್ಚಿಟ್ಟುಕೊಳ್ಳುವ ವಿದ್ಯೆ ಮಾತ್ರ ಎಂದು ನನಗೆ ಅನ್ನಿಸುತ್ತದೆ. ಕುಡಿಯುವ ತಂದೆಯರೆಲ್ಲ ಹೊಣೆಗೇಡಿಗಳು ಎಂಬ ತೀರ್ಮಾನಕ್ಕೆ ಬರಬೇಡಿ ಮೇಡಂ. ಹಡಗಿನಲ್ಲಿ ನೋಡುವಂಥದ್ದು ಬಹಳ ಇದೆ. ನಸುಕಿನಲ್ಲಿ ಮೇಲಿನ ಡೆಕ್ಕಿಗೆ ಹೋಗಿ ನಿಂತರೆ ನಾಲ್ಕೂ ದಿಕ್ಕಿಗೆ ನೀರು ಬಿಟ್ಟು ಬೇರೇನೂ ಇಲ್ಲ. ನಂದಿಬೆಟ್ಟದ ಮೇಲೆ ನಿಂತು ಮೋಡ ನೋಡಿದವರಿಗೂ ಅದು ಹೊಸದು. ಅದನ್ನು ಮಕ್ಕಳಿಂದ ತಪ್ಪಿಸಬೇಡಿ.

ಗೃಹಿಣಿ, ಚಿಂತಾಮಣಿ
ಮಂಗಳವಾರ, ಬೆಳಿಗ್ಗೆ 8:05

ನಾವು ಇಂಥದೇ ಆಹ್ವಾನ ಬಂದಾಗ ಬೇಡವೆಂದೆವು. ನನ್ನ ತಮ್ಮ ಕುಡಿತದಿಂದಲೇ ಹೋದ. ಮಕ್ಕಳ ಮುಂದೆ ಅದನ್ನು ಹಬ್ಬದ ಸಾಮಾನಿನಂತೆ ಜೋಡಿಸಿಟ್ಟ ಜಾಗಕ್ಕೆ ನಾನು ಕಾಲಿಡಲಾರೆ. ಆ ಪ್ರವಾಸಕ್ಕೆ ಬದಲಾಗಿ ಕಂಪನಿಯವರು ಏನೂ ಕೊಡಲಿಲ್ಲ, ನಮಗೂ ಬೇಸರವಾಗಲಿಲ್ಲ.

ಮಕ್ಕಳ ವೈದ್ಯೆ, ಶಿರಾ
ಮಂಗಳವಾರ, ಮಧ್ಯಾಹ್ನ 2:30

ಮೇಲಿನ ಬರಹಗಳನ್ನೆಲ್ಲ ಓದಿದೆ. ಬೆಳೆಗಾರರು ಮಕ್ಕಳೊಂದಿಗೆ ಮುಕ್ತವಾಗಿ ಮಾತನಾಡಿದ್ದು ಒಳ್ಳೆಯದೇ, ಆದರೆ ಒಂದು ಗ್ಲಾಸು ಎಂಬ ಲೆಕ್ಕವನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಒಂದು ಪೆಗ್, ಎಂದರೆ 30 ಮಿಲಿ ವಿಸ್ಕಿಯಲ್ಲಿ ಸುಮಾರು 10 ಗ್ರಾಂ ಶುದ್ಧ ಆಲ್ಕೋಹಾಲ್ ಇರುತ್ತದೆ. 5 ಪ್ರತಿಶತದ 330 ಮಿಲಿ ಬಿಯರಿನಲ್ಲಿ 13 ಗ್ರಾಂ. ನಮ್ಮ ಕಡೆ ಸ್ಟ್ರಾಂಗ್ ಎಂದು ಮಾರುವ 8 ಪ್ರತಿಶತದ 650 ಮಿಲಿ ಬಾಟಲಿಯಲ್ಲಿ 40 ಗ್ರಾಮಿಗೂ ಹೆಚ್ಚು, ಅಂದರೆ ಒಂದು ಬಾಟಲಿ ಬಿಯರು ನಾಲ್ಕು ಪೆಗ್ಗಿಗೆ ಸಮ. ಬೆಳೆದ ಮನುಷ್ಯನ ಯಕೃತ್ತು ಗಂಟೆಗೆ ಸುಮಾರು ಒಂದು ಪೆಗ್ಗಿನಷ್ಟನ್ನು ಕರಗಿಸುತ್ತದೆ. ರಾತ್ರಿ ಹನ್ನೆರಡಕ್ಕೆ ಆರನೆಯದನ್ನು ಮುಗಿಸಿದ ತಂದೆ ಬೆಳಗಿನ ಜಾವ ಮೂರಕ್ಕೆ ಮಗು ವಾಂತಿ ಮಾಡಿಕೊಂಡು ಅತ್ತರೆ ಎದ್ದಾನೆಂದು ನಂಬುವುದು ಕಷ್ಟ. ಇನ್ನು ದೊಡ್ಡವರಿಗೇ ಆಗಲಿ, ಇಷ್ಟು ಕುಡಿದರೆ ಅಪಾಯವಿಲ್ಲ ಎನ್ನಬಹುದಾದ ಪ್ರಮಾಣವೇ ಇಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ 2023ರ ಜನವರಿಯಲ್ಲಿ ಹೇಳಿದೆ.

ಮಕ್ಕಳ ದೇಹದಲ್ಲಿ ಮದ್ಯ ಬೇರೆಯೇ ರೀತಿ ಕೆಲಸ ಮಾಡುತ್ತದೆ. 25 ಕಿಲೋ ತೂಕದ ಮಗು ಸಿಹಿ ರಸದಲ್ಲಿ ಬೆರೆತ ಮದ್ಯವನ್ನು ರುಚಿ ತಿಳಿಯದೆ ಕುಡಿದುಬಿಡಬಹುದು. ಆಮೇಲೆ ರಕ್ತದಲ್ಲಿ ಸಕ್ಕರೆ ಅಂಶ ತಟಕ್ಕನೆ ಇಳಿಯುತ್ತದೆ. ಮಗು ಮಂಕಾಗುತ್ತದೆ, ಮೈ ತಣ್ಣಗಾಗುತ್ತದೆ, ಕೆಲವೊಮ್ಮೆ ಫಿಟ್ಸ್ ಬರುತ್ತದೆ. ಇದನ್ನು ಸುಸ್ತಿನ ನಿದ್ರೆ ಎಂದು ತಿಳಿದು ಹೊದಿಸಿ ಮಲಗಿಸುವುದೇ ದೊಡ್ಡ ತಪ್ಪು. ಬಲವಂತವಾಗಿ ವಾಂತಿ ಮಾಡಿಸಬೇಡಿ, ಮಗುವನ್ನು ಒಂದು ಮಗ್ಗುಲಿಗೆ ಮಲಗಿಸಿ, ಒಂಟಿಯಾಗಿ ಬಿಡದೆ ಹಡಗಿನ ವೈದ್ಯರನ್ನು ಕೂಡಲೇ ಕರೆಸಿ. ಕುಡಿದದ್ದನ್ನು ನಾಚಿಕೆಯಿಂದ ವೈದ್ಯರ ಬಳಿ ಮುಚ್ಚಿಡಬೇಡಿ.

ಹಡಗಿಗೆ ವಿಶೇಷವಾದ ಇನ್ನೊಂದು ಸಂಗತಿಯನ್ನು ಯಾರೂ ಹೇಳಲಿಲ್ಲ. ಅಲೆಯ ಓಲಾಟಕ್ಕೆ ತಲೆ ತಿರುಗುತ್ತದೆಂದು ಎಲ್ಲರೂ ವಾಂತಿ ತಡೆಯುವ ಮಾತ್ರೆ ಒಯ್ಯುತ್ತಾರೆ. ಅವುಗಳಲ್ಲಿ ಪ್ರೊಮೆಥಜೀನ್ ಇರುವ ಮಾತ್ರೆಗಳೇ ಹೆಚ್ಚು ಬಳಕೆಯಲ್ಲಿವೆ, ಅವುಗಳಿಗೆ ತಾವಾಗಿಯೇ ನಿದ್ರೆ ತರಿಸುವ ಗುಣವಿದೆ. ಅದರ ಮೇಲೆ ಮದ್ಯ ಬಿದ್ದರೆ ಅಮಲು ಇನ್ನೂ ಹೆಚ್ಚಾಗುತ್ತದೆ, ಉಸಿರಾಟವೂ ನಿಧಾನವಾಗಬಹುದು. ಮಾತ್ರೆ ನುಂಗಿದ ದಿನ ಮದ್ಯ ಮುಟ್ಟಬಾರದು. ಇದೇ ಮಾತ್ರೆಯನ್ನು ಎರಡು ವರ್ಷದೊಳಗಿನ ಮಕ್ಕಳಿಗೆ ಕೊಡಲೇಬಾರದು.

ಮೇಡಂ ಬರೆದದ್ದರಲ್ಲಿ ನನ್ನನ್ನು ಕಾಡುತ್ತಿರುವುದು ಆ ಕುರ್ಚಿ. ಮೂರು ರಾತ್ರಿ ನೀವೊಬ್ಬರೇ ಕುಳಿತಿರಿ. ನನ್ನ ಆಸ್ಪತ್ರೆಗೆ ಪ್ರವಾಸದಿಂದ ಮರಳಿ ಜ್ವರದ ಮಗುವನ್ನು ಎತ್ತಿಕೊಂಡು ಬರುವ ತಾಯಂದಿರ ಕಣ್ಣಿನಲ್ಲೂ ಮಗುವಿಗಿಂತ ಹೆಚ್ಚು ಆಯಾಸ ಇರುತ್ತದೆ. ಹೆಂಗಸು ಕುಡಿಯುವುದಿಲ್ಲವಾದ್ದರಿಂದ ಎಚ್ಚರವಾಗಿರುವುದು ಅವಳ ಕೆಲಸ ಎಂದು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಆದರೆ ನಡೆಯುವುದು ಹಾಗೆಯೇ.

ಹಡಗಿನಲ್ಲಿ ಏಳು ವರ್ಷ ದುಡಿದವನು, ಕೆ.ಜಿ.ಎಫ್.
ಮಂಗಳವಾರ, ಸಂಜೆ 4:10

ಡಾಕ್ಟರ್ ಮೇಡಂ ಹೇಳಿದ್ದಕ್ಕೆ ಸೇರಿಸುತ್ತೇನೆ. ಹಡಗಿನಲ್ಲಿ ಸುರಕ್ಷತೆಯ ಕರ್ತವ್ಯವಿರುವ ಸಿಬ್ಬಂದಿಗೆ ಅಂತರರಾಷ್ಟ್ರೀಯ ನಿಯಮವೊಂದಿದೆ: ರಕ್ತದಲ್ಲಿ ಆಲ್ಕೋಹಾಲ್ 0.05 ಪ್ರತಿಶತ ಮೀರಬಾರದು. ಕ್ಯಾಪ್ಟನ್ನಿಗೂ ಅದೇ, ನೌಕಾಧಿಕಾರಿಗಳಿಗೂ ಅದೇ. ಅಪಾಯದ ಸೂಚನೆ ಏಳು ಕಿರು ಸೀಟಿ, ಆಮೇಲೆ ಒಂದು ಉದ್ದನೆಯ ಸೀಟಿ. ಅದು ಕೇಳಿದ ಕೂಡಲೇ ಲೈಫ್ ಜಾಕೆಟ್ ಹಿಡಿದು, ಮಕ್ಕಳನ್ನು ಕರೆದುಕೊಂಡು, ಲಿಫ್ಟ್ ಬಳಸದೆ ಮೆಟ್ಟಿಲಿನಲ್ಲಿ ಗೊತ್ತುಪಡಿಸಿದ ಜಾಗಕ್ಕೆ ಬರಬೇಕು. 2012ರ ಜನವರಿಯಲ್ಲಿ ಇಟಲಿಯ ತೀರದಲ್ಲಿ ಕೋಸ್ಟಾ ಕಾನ್ಕಾರ್ಡಿಯಾ ಎಂಬ ಹಡಗು ಬಂಡೆಗೆ ಬಡಿದು ಮಗುಚಿ 32 ಜನ ಸತ್ತ ಮೇಲೆ, ಹೀಗೆ ಬಂದು ಸೇರುವ ಅಭ್ಯಾಸವನ್ನು ಪ್ರಯಾಣಿಕರಿಂದ ಹೊರಡುವ ಮೊದಲೇ ಅಥವಾ ಹೊರಟ ಕೂಡಲೇ ಮಾಡಿಸಬೇಕೆಂದು ನಿಯಮ ಬಿಗಿಯಾಯಿತು. ಹತ್ತುತ್ತಲೇ ಬಾರಿಗೆ ಹೋದವರು ಆ ಅಭ್ಯಾಸದಲ್ಲಿ ಸುಮ್ಮನೆ ನಿಂತಿದ್ದು ಹೋಗುತ್ತಾರೆ. ಸಿಬ್ಬಂದಿಗೆ ಮಿತಿ ಇದೆ, ಕಾರು ಓಡಿಸುವವನಿಗೂ ನಮ್ಮ ದೇಶದಲ್ಲಿ 100 ಮಿಲಿ ರಕ್ತಕ್ಕೆ 30 ಮಿಲಿಗ್ರಾಂ ಎಂಬ ಮಿತಿ ಇದೆ. ಮಗುವನ್ನು ಮೆಟ್ಟಿಲಿನಲ್ಲಿ ಎತ್ತಿಕೊಂಡು ಓಡಬೇಕಾದವರಿಗೆ ಯಾವ ಮಿತಿಯನ್ನೂ ಯಾರೂ ಬರೆದಿಲ್ಲ. ಅದನ್ನು ಮನೆಯವರೇ ಬರೆದುಕೊಳ್ಳಬೇಕು.

ಈಜುಕೊಳದ ಬಳಿ ಜೀವರಕ್ಷಕರು ಎಲ್ಲ ಹಡಗುಗಳಲ್ಲೂ ಇರುವುದಿಲ್ಲ. ಮಕ್ಕಳ ಆಟದ ಕೋಣೆಯಲ್ಲಿ ರಾತ್ರಿ ಹತ್ತರ ತನಕ ನೋಡಿಕೊಳ್ಳುತ್ತಾರೆ, ಆಮೇಲೆ ಹಲವು ಕಡೆ ಗಂಟೆಯ ಲೆಕ್ಕದಲ್ಲಿ ಹಣ ಕೊಡಬೇಕು. ಇವೆರಡನ್ನೂ ಕೇಳಿ ತಿಳಿದುಕೊಳ್ಳಿ.

ತಿಪಟೂರಿನ ಅಜ್ಜಿ
ಮಂಗಳವಾರ, ರಾತ್ರಿ 8:20

ಮೊಮ್ಮಗಳ ಕೈಯಲ್ಲಿ ಬರೆಸುತ್ತಿದ್ದೇನೆ. ನಮ್ಮ ಕಾಲದಲ್ಲಿ ಹಡಗೂ ಇರಲಿಲ್ಲ, ರೆಸಾರ್ಟೂ ಇರಲಿಲ್ಲ, ಪ್ಯಾಕೆಟ್ ಸಾರಾಯಿ ಇತ್ತು. ತೆಂಗಿನಕಾಯಿ ಸುಲಿದ ಕೂಲಿ ಸಂಜೆಗೆ ಸಾರಾಯಿ ಅಂಗಡಿಗೆ ಹೋಗುತ್ತಿತ್ತು. 2007ರ ಜುಲೈಯಲ್ಲಿ ಸರ್ಕಾರ ಸಾರಾಯಿ ನಿಲ್ಲಿಸಿದಾಗ ನಮ್ಮ ಬೀದಿಯ ಹೆಂಗಸರು ದೇವಸ್ಥಾನದಲ್ಲಿ ಹಣ್ಣುಕಾಯಿ ಮಾಡಿಸಿದೆವು. ಆಮೇಲೆ ಅದೇ ಗಂಡಸರು ಬ್ರಾಂದಿ ಅಂಗಡಿಗೆ ಹೋದರು, ಅದು ಬೇರೆ ಮಾತು.

ಮಗಳೇ, ನಾನು ನಿನ್ನ ಹಾಗೆಯೇ ಕುಳಿತಿದ್ದೆ. ಒಂದು ದಿನವಲ್ಲ, ಇಪ್ಪತ್ತೆರಡು ವರ್ಷ. ಬಾಗಿಲ ಬಳಿ ಲಾಟೀನು ಹಿಡಿದು ಕುಳಿತವಳನ್ನು ಮಕ್ಕಳು ಹಾಸಿಗೆಯಿಂದ ನೋಡುತ್ತಿದ್ದವು. ನನ್ನ ದೊಡ್ಡ ಮಗ ಇವತ್ತಿಗೂ ಒಂದು ತೊಟ್ಟು ಮುಟ್ಟುವುದಿಲ್ಲ, ಆದರೆ ಅವನಿಗೆ ರಾತ್ರಿ ನಿದ್ರೆ ಬರುವುದಿಲ್ಲ. ಕುಡಿಯದೇ ಇದ್ದವನಿಗೂ ಅಪ್ಪನ ಕುಡಿತದ ಪಾಲು ಬರುತ್ತದೆ ಎಂಬುದು ನನಗೆ ತಿಳಿದದ್ದು ಅವನಿಂದ. ಹೋಗಬೇಡ ಎಂದು ನಾನು ಹೇಳುವುದಿಲ್ಲ. ನಿನ್ನ ಗಂಡ ಒಳ್ಳೆಯವನೆಂದು ನೀನೇ ಬರೆದಿದ್ದೀಯ. ನಮ್ಮವರ ಹತ್ತಿರ ಕೇಳುವ ಧೈರ್ಯ ನನಗೆ ಇರಲಿಲ್ಲ, ನೀನು ಅವನ ಹತ್ತಿರ ಕೂತು ಕೇಳು. ಊರವರಿಗೆಲ್ಲ ಬರೆಯುವ ಮೊದಲು ಅವನಿಗೆ ಇದನ್ನೆಲ್ಲ ಹೇಳಿದ್ದೀಯಾ?

ಕ್ಯಾತ್ಸಂದ್ರದ ತಾಯಿ, ತುಮಕೂರು
ಬುಧವಾರ, ಬೆಳಿಗ್ಗೆ 10:50

ಅಜ್ಜಿ, ನಿಮ್ಮ ಪ್ರಶ್ನೆ ನೇರವಾಗಿ ಎದೆಗೆ ನಾಟಿತು. ಹೇಳಿರಲಿಲ್ಲ. ಎರಡು ವರ್ಷ ಮನಸ್ಸಿನಲ್ಲಿ ಇಟ್ಟುಕೊಂಡು, ಸಿಡುಕಾಗಿ ಬೇರೆ ಬೇರೆ ವಿಷಯಕ್ಕೆ ಹೊರಹಾಕುತ್ತಿದ್ದೆ. ನಿನ್ನೆ ರಾತ್ರಿ ಅಂಗಡಿ ಮುಚ್ಚಿ ಬಂದವರಿಗೆ ಊಟ ಬಡಿಸಿ, ನೀವೆಲ್ಲ ಬರೆದದ್ದನ್ನು ಓದಲು ಕೊಟ್ಟೆ. ಅವರು ಎರಡು ಸಲ ಓದಿದರು. ಹಡಗಿನಲ್ಲಿ ಕಾಣೆಯಾದ ಹುಡುಗನ ಭಾಗಕ್ಕೆ ಬಂದಾಗ ಎದ್ದು ಮಕ್ಕಳ ಕೋಣೆಗೆ ಹೋಗಿ ಬಂದರು. ನಾವು ಮಾತನಾಡಿ ಮುಗಿಸಿದಾಗ ಹನ್ನೆರಡೂವರೆ. ತಾವೇ ಒಂದೆರಡು ಮಾತು ಬರೆಯುತ್ತೇನೆ ಎಂದಿದ್ದಾರೆ.

ಕ್ಯಾತ್ಸಂದ್ರದ ತಾಯಿಯವರ ಮನೆಯವರು
ಬುಧವಾರ, ಮಧ್ಯಾಹ್ನ 1:15

ಹಿರಿಯರಿಗೂ ಎಲ್ಲರಿಗೂ ನಮಸ್ಕಾರ. ಅಂದು ನಾನು ನಕ್ಕದ್ದು ತಪ್ಪು. ಸ್ನೇಹಿತನಿಗೆ ಬೇಡ ಎಂದರೆ ಎಲ್ಲರ ಮುಂದೆ ಅವನಿಗೆ ಅವಮಾನವಾಗುತ್ತದೆಂದು ಸುಮ್ಮನಿದ್ದೆ. ಮಗ ನನ್ನ ಮುಖ ನೋಡಿದ್ದು ನನಗೂ ನೆನಪಿದೆ. ಅವನು ಏನು ಕೇಳುತ್ತಿದ್ದ ಎಂಬುದು ಅವತ್ತೇ ಗೊತ್ತಿತ್ತು, ಆದರೂ ಕಣ್ಣು ತಪ್ಪಿಸಿದೆ. ಇವತ್ತು ಬೆಳಿಗ್ಗೆ ಅವನನ್ನು ಶಾಲೆಗೆ ಬಿಡುವಾಗ ಅದನ್ನು ಅವನಿಗೆ ಹೇಳಿದೆ. ಅವನು, "ಪರವಾಗಿಲ್ಲ ಬಿಡಪ್ಪ" ಎಂದ. ಅದಕ್ಕಿಂತ ಬೈದಿದ್ದರೆ ಚೆನ್ನಾಗಿತ್ತು ಎನ್ನಿಸಿತು.

ನಾವು ಹೋಗುತ್ತಿದ್ದೇವೆ. ಆ ಐದು ರಾತ್ರಿ ನಾನು ಕುಡಿಯುವುದಿಲ್ಲ. ಅದರಲ್ಲಿ ಮೂರು ರಾತ್ರಿ ಮಕ್ಕಳ ಜವಾಬ್ದಾರಿ ಪೂರ್ತಿ ನನ್ನದು. ಉಣ್ಣಿಸುವುದು, ಆಟದ ಕೋಣೆಯಿಂದ ಕರೆತರುವುದು, ಮಲಗಿಸುವುದು ಎಲ್ಲವೂ. ಆ ಮೂರು ರಾತ್ರಿ ಇವಳು ನಾಟಕ ನೋಡಲಿ, ಡೆಕ್ಕಿನ ಮೇಲೆ ಕೂರಲಿ, ನಿದ್ರೆ ಮಾಡಲಿ. ನಮ್ಮ ಜೊತೆ ಬರುವ ಇನ್ನಿಬ್ಬರು ಡೀಲರುಗಳಿಗೆ ಫೋನು ಮಾಡಿದ್ದೆ. ಒಬ್ಬರು ಒಪ್ಪಿದರು, ಪ್ರತಿ ರಾತ್ರಿ ಎರಡು ಮನೆಯಿಂದಲೂ ಒಬ್ಬ ಗಂಡಸು ಎಚ್ಚರವಾಗಿರುವುದೆಂದು ಮಾತಾಯಿತು. ಇನ್ನೊಬ್ಬರು ನಕ್ಕು ಫೋನು ಇಟ್ಟರು. ಕಂಪನಿಯ ಪ್ರತಿನಿಧಿಗೆ ಮೇಷ್ಟ್ರು ಹೇಳಿದ ಎರಡು ಪ್ರಶ್ನೆ, ಮದ್ಯದ ಪ್ಯಾಕೇಜಿನ ಪ್ರಶ್ನೆ, ಜೀವರಕ್ಷಕರ ಪ್ರಶ್ನೆ ಎಲ್ಲವನ್ನೂ ಕಳುಹಿಸಿದ್ದೇನೆ. ಡೀಲರುಗಳ ಔತಣವನ್ನು ಮಕ್ಕಳ ಊಟದ ಹಾಲಿನಿಂದ ಬೇರೆ ಕಡೆ ಇಡಬೇಕೆಂದೂ ಕೇಳಿದ್ದೇನೆ. ಉತ್ತರ ಇನ್ನೂ ಬಂದಿಲ್ಲ.

ಮಕ್ಕಳ ವೈದ್ಯೆ, ಶಿರಾ
ಬುಧವಾರ, ಸಂಜೆ 5:40

ಸರ್, ಬಹಳ ಸಂತೋಷವಾಯಿತು. ಜೊತೆಯವರಲ್ಲಿ ಯಾರಿಗಾದರೂ ಒಂದು ಸಂಜೆಯೂ ಕುಡಿಯದೆ ಇರಲಾಗದು ಎನ್ನುವ ಸ್ಥಿತಿ ಇದ್ದರೆ, ಅದಕ್ಕೆ ಚಿಕಿತ್ಸೆ ಇದೆ ಎಂದು ತಿಳಿಸಿ. ಟೆಲಿ ಮಾನಸ್ ಎಂಬ ಮಾನಸಿಕ ಆರೋಗ್ಯ ಸಹಾಯವಾಣಿ 14416ಕ್ಕೆ ಕರೆ ಮಾಡಿ ಕನ್ನಡದಲ್ಲೇ ಮಾತನಾಡಬಹುದು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಗೆಂದೇ ಪ್ರತ್ಯೇಕ ಕೇಂದ್ರವಿದೆ. ನಿತ್ಯ ಹೆಚ್ಚು ಕುಡಿಯುವವರು ಹಡಗು ಹತ್ತುವ ದಿನವೇ ಏಕಾಏಕಿ ನಿಲ್ಲಿಸಿದರೆ ಕೈನಡುಕ, ಫಿಟ್ಸ್ ಬರುವ ಅಪಾಯವಿರುತ್ತದೆ. ಅಂಥವರು ಮೊದಲೇ ವೈದ್ಯರನ್ನು ಕಾಣಲಿ.

ಕ್ಯಾತ್ಸಂದ್ರದ ತಾಯಿ, ತುಮಕೂರು
ಬುಧವಾರ, ರಾತ್ರಿ 9:05

ಕೆ.ಜಿ.ಎಫ್. ಅವರಿಗೆ ಒಂದು ಪ್ರಶ್ನೆ ಉಳಿದಿದೆ. ಕ್ಯಾಬಿನ್ನಿನೊಳಗಿನ ಸಣ್ಣ ಫ್ರಿಜ್ಜಿನಲ್ಲಿ ಮದ್ಯದ ಬಾಟಲಿಗಳನ್ನು ಇಟ್ಟಿರುತ್ತಾರೆಂದು ಕೇಳಿದ್ದೇನೆ. ಮಕ್ಕಳೂ ಅದೇ ಕೋಣೆಯಲ್ಲಿ ಮಲಗುವುದರಿಂದ ಅದನ್ನು ತೆಗೆಸಬಹುದೇ?

ಹಡಗಿನಲ್ಲಿ ಏಳು ವರ್ಷ ದುಡಿದವನು, ಕೆ.ಜಿ.ಎಫ್.
ಬುಧವಾರ, ರಾತ್ರಿ 9:30

ಖಂಡಿತ ತೆಗೆಸಬಹುದು ಮೇಡಂ. ಹತ್ತಿದ ದಿನವೇ ನಿಮ್ಮ ಕ್ಯಾಬಿನ್ ನೋಡಿಕೊಳ್ಳುವ ಹುಡುಗನಿಗೆ ಹೇಳಿ, ಅವನು ಬಾಟಲಿಗಳನ್ನು ಒಯ್ದು ಫ್ರಿಜ್ಜನ್ನು ಖಾಲಿ ಮಾಡಿಕೊಡುತ್ತಾನೆ. ಆಮೇಲೆ ಅದರಲ್ಲಿ ಮಕ್ಕಳ ಹಾಲು, ಮೊಸರು ಇಟ್ಟುಕೊಳ್ಳಿ. ಮಕ್ಕಳಿಬ್ಬರ ಕಾರ್ಡಿನಿಂದ ಏನನ್ನೂ ಕೊಳ್ಳಲಾಗದಂತೆ ಸ್ವಾಗತದ ಕಟ್ಟೆಯಲ್ಲಿ ಹೇಳಿ ತಡೆಹಾಕಿಸಿ. ಮಗಳ ಕೈಗೆ ಕ್ಯಾಬಿನ್ ಸಂಖ್ಯೆ ಮತ್ತು ಮಹಡಿ ಬರೆದ ಚೀಟಿಯನ್ನು ಕೊಟ್ಟು ಎರಡು ಸಲ ಬಾಯಿಪಾಠ ಮಾಡಿಸಿ. ಅವಳ ಅಪ್ಪನಿಗೂ ಮಾಡಿಸಿ.